ಎದ್ದಾಗ ಕಣ್ಣು ಕತ್ತಲಿಟ್ಟರೆ

ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರೊಬ್ಬರು ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಳ್ಳುತ್ತಾರೆ. ಶುಗರ್ ಇಳಿದಿರಬೇಕು ಎಂದು ಮನೆಯವರು ನೋಡಿದರೆ ಗ್ಲುಕೋಮೀಟರಿನಲ್ಲಿ 160. ಇಳಿದದ್ದು ಶುಗರ್ ಅಲ್ಲ, ಬಿಪಿ.

ನಿಂತ ತಕ್ಷಣ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳಿಗೆ ಇಳಿಯುತ್ತದೆ. ರಕ್ತನಾಳಗಳನ್ನು ಬಿಗಿಮಾಡಿ ಬಿಪಿ ಕುಸಿಯದಂತೆ ಕಾಯುವುದು ನಮ್ಮ ಅರಿವಿಗೆ ಬಾರದೆ ದುಡಿಯುವ ಸ್ವನಿಯಂತ್ರಿತ ನರಗಳು. ವರ್ಷಗಟ್ಟಲೆ ಏರಿದ ಸಕ್ಕರೆ ಅವನ್ನೇ ಹಾಳುಮಾಡುತ್ತದೆ. ಹಾಳಾದ ನರವನ್ನು ಮೊದಲಿನಂತೆ ಮಾಡುವ ಮಾತ್ರೆ ಇಲ್ಲ. ಶುಗರ್ ಹತೋಟಿಯಲ್ಲಿಟ್ಟು ಹಾನಿಯ ವೇಗ ತಗ್ಗಿಸಬಹುದು. ಉಳಿದಂತೆ, ನರ ಕೈಬಿಟ್ಟ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿಸಿಕೊಳ್ಳುವುದೇ ಚಿಕಿತ್ಸೆ.

ಇದನ್ನು ಪತ್ತೆಹಚ್ಚಲು ಐದು ನಿಮಿಷ ಮಲಗಿಸಿ ಬಿಪಿ ನೋಡಬೇಕು. ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತೊಂದರೆ ಇದೆಯೆಂದೇ ಅರ್ಥ. ಕುರ್ಚಿಯಲ್ಲಿ ಕೂರಿಸಿ ಮಾತ್ರ ನೋಡಿದರೆ ಇದು ತಪ್ಪಿಸಿಕೊಳ್ಳುತ್ತದೆ. ‘ನಿಲ್ಲಿಸಿಯೂ ನೋಡಿ ಡಾಕ್ಟ್ರೇ’ ಎನ್ನಲು ಸಂಕೋಚ ಬೇಡ.

ಹೊಸ ಮಾತ್ರೆಗಿಂತ ಮೊದಲು ಹಳೆಯ ಮಾತ್ರೆ ಡಬ್ಬಿಯನ್ನು ಡಾಕ್ಟರ ಮುಂದೆ ಸುರಿಯಿರಿ. ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್, ಮೂತ್ರ ಹೆಚ್ಚಿಸುವ ಮಾತ್ರೆ, ಪಾದದ ಉರಿಗೆ ಕೊಟ್ಟ ಅಮಿಟ್ರಿಪ್ಟಿಲಿನ್ ಎಲ್ಲವೂ ನಿಂತಾಗ ಬಿಪಿ ಇಳಿಸಬಲ್ಲವು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಏಳುವ ಮುಂಚೆ ಎರಡು ಲೋಟ ನೀರು ಕುಡಿದು, ಮಂಚದ ಅಂಚಿನಲ್ಲಿ ಕೂತು ಪಾದ ಆಡಿಸಿ, ಆಮೇಲೆ ನಿಲ್ಲಿ. (ಹೃದಯ, ಕಿಡ್ನಿ ತೊಂದರೆಗೆ ನೀರು ಅಳೆದು ಕುಡಿಯುವವರು ಕೇಳಿಕೊಂಡೇ ಮಾಡಬೇಕು.) ತಲೆಯ ಕಡೆಯ ಮಂಚದ ಕಾಲಿಗೆ ಇಟ್ಟಿಗೆ ಕೊಡುವುದು, ಹೊಟ್ಟೆಗೆ ಬೆಲ್ಟ್ ಕಟ್ಟುವುದು ಕೂಡ ನೆರವಾಗುತ್ತವೆ. ಇಷ್ಟಕ್ಕೂ ಬಗ್ಗದಿದ್ದರೆ ಬಿಪಿ ಏರಿಸುವ ಮಿಡೋಡ್ರಿನ್ ಮಾತ್ರೆ ಇದೆ. ಮಲಗುವುದಕ್ಕೆ ನಾಲ್ಕು ಗಂಟೆ ಮುಂಚೆಯೇ ಕೊನೆಯ ಮಾತ್ರೆ ಮುಗಿದಿರಬೇಕು, ಇಲ್ಲವಾದರೆ ಮಲಗಿದಾಗ ಬಿಪಿ ವಿಪರೀತ ಏರೀತು.

ಇದೇ ಸ್ವನಿಯಂತ್ರಿತ ನರಗಳಲ್ಲಿ ಹೊಟ್ಟೆಯವು ಕೆಟ್ಟರೆ ಶುಗರ್ ಲೆಕ್ಕವೇ ತಿರುಗುಮುರುಗು. ಊಟಕ್ಕೆ ಮುಂಚೆ ಚುಚ್ಚಿಕೊಂಡ ಇನ್ಸುಲಿನ್ ಕೆಲಸ ಶುರುಮಾಡಿರುತ್ತದೆ, ಅನ್ನ ಮಾತ್ರ ಜಠರದಲ್ಲೇ ಕೂತಿರುತ್ತದೆ. ಮೊದಲು ಶುಗರ್ ಕುಸಿದು, ಕೆಲವು ಗಂಟೆಗಳ ಮೇಲೆ ಏರುತ್ತದೆ. ಸೊಪ್ಪು, ಕಾಳು ಹೆಚ್ಚು ತಿನ್ನಿ ಎಂಬ ಬುದ್ಧಿಮಾತು ಇವರಿಗೆ ಸಲ್ಲದು. ನಾರು, ಜಿಡ್ಡು ಕಡಿಮೆಯಿರುವ ಮೆತ್ತನೆಯ ಊಟವನ್ನು ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ತಿನ್ನಬೇಕು. ಇನ್ಸುಲಿನ್ ಹೊತ್ತನ್ನು ಡಾಕ್ಟರು ಬದಲಿಸಿಕೊಡುತ್ತಾರೆ.

ಹೃದಯದ ನೋವು ಒಯ್ಯುವ ನರಗಳೂ ಮಂಕಾಗಿರಬಹುದು. ಎದೆನೋವಿಲ್ಲದಿದ್ದರೂ ಏಕಾಏಕಿ ಏದುಸಿರು, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.