ವೈದ್ಯಕೀಯ ಪೂರ್ವಾನುಮತಿಯ ಎ.ಪಿ.ಐ.: ಒಂದು ಪ್ರವೇಶಿಕೆ

ವೈದ್ಯನು ಸೂಚಿಸಿದ ಚಿಕಿತ್ಸೆ ಅಗತ್ಯವಾದುದೆಂದೂ ವಿಮೆಯ ವ್ಯಾಪ್ತಿಗೆ ಒಳಪಟ್ಟುದೆಂದೂ ವಿಮಾ ಸಂಸ್ಥೆಯು ಮುಂಚಿತವಾಗಿ ನೀಡುವ ಒಪ್ಪಿಗೆಗೆ ಪೂರ್ವಾನುಮತಿ ಎಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ವ್ಯವಹಾರವು ಬಹುಕಾಲದಿಂದ ಹೆಚ್ಚಾಗಿ ದೂರವಾಣಿ, ಫ್ಯಾಕ್ಸ್‌ಗಳ ಮೂಲಕ ನಡೆದುಬಂದಿದೆ. ಎಕ್ಸ್12-278 ಎಂಬ ವಿದ್ಯುನ್ಮಾನ ಸಂದೇಶರೂಪವನ್ನು ಕಾನೂನು ಗೊತ್ತುಪಡಿಸಿದ್ದರೂ ಅದು ಸಾರ್ವತ್ರಿಕವಾಗಿ ಬಳಕೆಗೆ ಬರಲಿಲ್ಲ. ವಿನಂತಿಯಲ್ಲಿ ಒಂದು ವಿವರ ತಪ್ಪಿದರೂ ರೋಗಿಯು ಚಿಕಿತ್ಸೆಗಾಗಿ ದಿನಗಟ್ಟಲೆ ಕಾಯಬೇಕಾಗುತ್ತದೆ. ಪ್ರಕೃತ ವಿಷಯದ ಮಹತ್ತ್ವ ಇರುವುದು ಇಲ್ಲಿಯೇ.

ಆ ದೇಶದ ಮೆಡಿಕೇರ್ ಮತ್ತು ಮೆಡಿಕೇಡ್ ಸೇವೆಗಳ ಕೇಂದ್ರವು 2024ರ ಜನವರಿಯಲ್ಲಿ ಒಂದು ನಿಯಮವನ್ನು ಹೊರಡಿಸಿತು. ಅದಕ್ಕೆ ಒಳಪಟ್ಟ ವಿಮಾದಾರರು 2027ರಿಂದ ಪೂರ್ವಾನುಮತಿಗಾಗಿ ಎ.ಪಿ.ಐ.ಯನ್ನು ಒದಗಿಸತಕ್ಕದ್ದು. ಅವರಲ್ಲಿ ಬಹುಪಾಲು ಮಂದಿ 2026ರಿಂದಲೇ ತುರ್ತು ವಿನಂತಿಗಳನ್ನು 72 ಗಂಟೆಗಳಲ್ಲಿಯೂ ಸಾಮಾನ್ಯ ವಿನಂತಿಗಳನ್ನು 7 ದಿನಗಳಲ್ಲಿಯೂ ತೀರ್ಮಾನಿಸಬೇಕು. ನಿರಾಕರಿಸಿದರೆ ನಿರ್ದಿಷ್ಟ ಕಾರಣವನ್ನು ತಿಳಿಸಬೇಕು. ಔಷಧಗಳು ಈ ನಿಯಮದ ಪರಿಧಿಯಲ್ಲಿಲ್ಲ.

ಎ.ಪಿ.ಐ. ಎಂದರೆ ಒಂದು ಗಣಕವ್ಯವಸ್ಥೆಯು ಇನ್ನೊಂದನ್ನು ಪ್ರಶ್ನಿಸಿ ಉತ್ತರ ಪಡೆಯಲು ಏರ್ಪಡಿಸಿದ ದ್ವಾರ. ಇಲ್ಲಿ ಪ್ರಶ್ನೋತ್ತರಗಳ ಭಾಷೆ ಎಚ್‌.ಎಲ್‌.7 ಸಂಸ್ಥೆಯ 'ಫೈರ್' ಎಂಬ ಮಾನಕ. ಇದನ್ನು ಬಳಸುವ ಕ್ರಮವನ್ನು 'ದಾ ವಿಂಚಿ' ಯೋಜನೆಯ ಮೂರು ಮಾರ್ಗದರ್ಶಿಗಳು ವಿವರಿಸುತ್ತವೆ. ನಿಯಮವು ಅವುಗಳನ್ನು ಶಿಫಾರಸು ಮಾಡಿದೆಯೇ ಹೊರತು ಕಡ್ಡಾಯಗೊಳಿಸಿಲ್ಲ.

ಮೊಣಕಾಲಿನ ಎಂ.ಆರ್.ಐ. ಪರೀಕ್ಷೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ವೈದ್ಯನು ಆದೇಶಕ್ಕೆ ಸಹಿ ಮಾಡುವಾಗ, ಪೂರ್ವಾನುಮತಿ ಬೇಕೇ ಎಂದು ಆಸ್ಪತ್ರೆಯ ವ್ಯವಸ್ಥೆಯು ವಿಮಾದಾರನನ್ನು ಕೇಳುತ್ತದೆ. ಇದು ಮೊದಲನೆಯ ಹಂತ. ಬೇಕೆಂದಾದಲ್ಲಿ ಪ್ರಶ್ನಾವಳಿಯೊಂದು ಬರುತ್ತದೆ; ರೋಗಿಯ ದಾಖಲೆಯಲ್ಲಿರುವ ಉತ್ತರಗಳು ತಾವಾಗಿಯೇ ತುಂಬಿಕೊಳ್ಳುತ್ತವೆ, ಉಳಿದವನ್ನು ವೈದ್ಯನೋ ಅವನ ಸಿಬ್ಬಂದಿಯೋ ತುಂಬಬೇಕು. ಇದು ಎರಡನೆಯದು. ಮೂರನೆಯದರಲ್ಲಿ ಇವೆಲ್ಲವನ್ನೂ ಒಂದು ಕಟ್ಟಾಗಿ ಮಾಡಿ 'ಕ್ಲೇಮ್' ಎಂಬ ರೂಪದಲ್ಲಿ ಕಳುಹಿಸಲಾಗುತ್ತದೆ. 'ಕ್ಲೇಮ್ ರೆಸ್ಪಾನ್ಸ್' ಎಂಬ ಪ್ರತ್ಯುತ್ತರವು ಒಪ್ಪಿಗೆ, ನಿರಾಕರಣೆ, ಪರಿಶೀಲನೆಯಲ್ಲಿದೆ ಎಂಬ ಮೂರರಲ್ಲಿ ಒಂದನ್ನು ಸೂಚಿಸಬಹುದು.

ಹೊಸಬರು ಕಲ್ಪಿತ ರೋಗಿಗಳ ದಾಖಲೆಗಳನ್ನಿಟ್ಟುಕೊಂಡು ಈ ಮೂರನೆಯ ಹಂತವನ್ನೇ ಮೊದಲು ಅಭ್ಯಾಸ ಮಾಡುವುದು ಲೇಸು. ಆಗ ಎರಡು ಅಂಶಗಳನ್ನು ಗಮನಿಸಬೇಕು. ಸಂದೇಶ ಯಶಸ್ವಿಯಾಗಿ ತಲಪಿತೆಂಬ ಸೂಚನೆಯು ಒಪ್ಪಿಗೆಯಲ್ಲ. ಪ್ರತಿಯೊಂದು ಸೇವೆಯ ಮುಂದೆ ನಮೂದಾದ ತೀರ್ಮಾನವನ್ನೇ ಓದಬೇಕು. ಪರಿಶೀಲನೆಯಲ್ಲಿರುವ ವಿನಂತಿಯ ಗುರುತನ್ನು ಕಾಪಾಡಿಕೊಂಡು ಪುನಃ ವಿಚಾರಿಸಬೇಕು. ಇಲ್ಲವಾದರೆ ರೋಗಿಯ ಕೋರಿಕೆ ಯಾರ ಗಮನಕ್ಕೂ ಬಾರದೆ ಉಳಿದೀತು.

ಈ ಏರ್ಪಾಡು ಮಾತುಕತೆಯ ವೇಗವನ್ನು ಹೆಚ್ಚಿಸುತ್ತದೆ. ಚಿಕಿತ್ಸೆ ಅಗತ್ಯವೇ ಎಂದು ಅಳೆಯುವ ಮಾನದಂಡವನ್ನು ಬದಲಾಯಿಸುವುದಿಲ್ಲ. ಮಾನದಂಡವೇ ಅಸಮರ್ಪಕವಾಗಿದ್ದರೆ ಅನ್ಯಾಯವೂ ಶೀಘ್ರವಾಗಿಯೇ ನಡೆದೀತು. ಆದುದರಿಂದ ನಿರಾಕರಣೆಯ ಕಾರಣವನ್ನು ವೈದ್ಯನಿಗೆ ಸ್ಪಷ್ಟವಾಗಿ ತೋರಿಸುವ ಭಾಗವನ್ನು ವಿನಂತಿಯನ್ನು ಕಳುಹಿಸುವ ಭಾಗದಷ್ಟೇ ಶ್ರದ್ಧೆಯಿಂದ ರಚಿಸತಕ್ಕದ್ದು. ಬಿಟ್ಟುಹೋದ ವಿವರವನ್ನು ಒದಗಿಸುವುದಾಗಲಿ ಮೇಲ್ಮನವಿ ಸಲ್ಲಿಸುವುದಾಗಲಿ ಸಾಧ್ಯವಾಗುವುದು ಅದರಿಂದಲೇ.