ಮನೆಯೊಳಗಿನ ಕೋವಿ: ಗೃಹಸ್ಥರು ಅರಿತಿರಬೇಕಾದ ಎಚ್ಚರ

ಆಯುಧಪೂಜೆಯ ದಿನ ರಾಜಾಜಿನಗರದ ಬೀದಿಗಳಲ್ಲಿ ಸಂಚರಿಸಿದರೆ ಮನೆಮನೆಯ ಮುಂದೆ ಬಾಳೆಕಂದು, ಚೆಂಡುಹೂವಿನ ಮಾಲೆ, ಒಡೆದ ಬೂದುಗುಂಬಳ ಕಾಣುತ್ತವೆ. ಸ್ಕೂಟರು, ಕಾರು, ಹೊಲಿಗೆ ಯಂತ್ರ, ಅಡುಗೆಮನೆಯ ಈಳಿಗೆಮಣೆ ಎಲ್ಲಕ್ಕೂ ಅಂದು ವಿಭೂತಿ, ಹೂವು. ತುಮಕೂರು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಸೀಮೆಗಳಿಂದ ಬಂದು ಇಲ್ಲಿ ನೆಲೆಸಿದ ಕೆಲವು ಮನೆಗಳಲ್ಲಿ ಆ ದಿನ ಇನ್ನೊಂದು ವಸ್ತುವೂ ಹೊರಬರುತ್ತದೆ. ಅದು ತಾತನ ಕಾಲದ ಕೋವಿ.

ನಮಗೆ ಆಪ್ತವಾದ ಅಂಥದೊಂದು ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯನ್ನು ಹೇಳದಿರಲಾರೆವು. ಮನೆಯ ಹಿರಿಯರು ಲಿಂಗೈಕ್ಯರಾದ ಮೇಲೆ ಅವರ ಜೋಡುನಳಿಕೆಯ ಕೋವಿ ಕಂಬಳಿಯಲ್ಲಿ ಸುತ್ತಿಕೊಂಡು ಬೀರುವಿನ ಮೇಲೆ ಮಲಗಿತ್ತು. ಪೂಜೆಗೆಂದು ಅದನ್ನು ಕೆಳಗಿಳಿಸಿ ಮಣೆಯ ಮೇಲಿಟ್ಟಿದ್ದರು. ಹತ್ತು ವರ್ಷದ ಮೊಮ್ಮಗ ತಂಗಿಯತ್ತ ಅದರ ಬಾಯಿ ತಿರುಗಿಸಿ ಕುದುರೆಯ ಮೇಲೆ ಬೆರಳಿಟ್ಟ. ಅಜ್ಜಿ ಓಡಿಬಂದು ಕೈ ಹಿಡಿದರು. “ಅದು ಖಾಲಿ ಇದೆ ಬಿಡವ್ವಾ” ಎಂದು ಮಗ ನಕ್ಕರು. ಅಜ್ಜಿ ನಗಲಿಲ್ಲ, ಠಾಣೆಗೆ ತಿಳಿಸುವವರೆಗೂ ಪಟ್ಟು ಬಿಡಲಿಲ್ಲ. ಬಂದ ಸಿಬ್ಬಂದಿ ಕೋವಿಯನ್ನು ಮಡಿಚಿ ನೋಡಿದಾಗ ಎಡನಳಿಕೆಯಲ್ಲಿ ಒಂದು ತೋಟಾ ಹಾಗೆಯೇ ಕುಳಿತಿತ್ತು. ಆ ಮನೆಯವರು ಅಂದು ಊಟ ಮಾಡಲಿಲ್ಲ.

ಎಲ್ಲ ಮನೆಗಳಿಗೂ ಇಂಥ ಭಾಗ್ಯವಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ, ಅಲ್ಲಿದ್ದ ಕೋವಿಯನ್ನು ಹದಿಹರೆಯದ ಹುಡುಗನೊಬ್ಬ ಕೈಗೆತ್ತಿಕೊಂಡಾಗ ಗುಂಡು ಹಾರಿ, ದುಡಿಯಲು ಬಂದಿದ್ದ ಕುಟುಂಬದ ಪುಟ್ಟ ಮಗುವೊಂದು ಪ್ರಾಣ ಬಿಟ್ಟಿತು, ತಾಯಿಯೂ ಗಾಯಗೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನಲ್ಲಿ ಮಂಗಗಳನ್ನು ಓಡಿಸಲೆಂದು ಇಟ್ಟಿದ್ದ ಏರ್‌ಗನ್ನಿನಿಂದ ಬಾಲಕನೊಬ್ಬ ಅಸುನೀಗಿದ. ಇಲ್ಲಿ ವೈರವಿರಲಿಲ್ಲ, ಕೊಲ್ಲುವ ಮನಸ್ಸಿರಲಿಲ್ಲ. ಇದ್ದುದು ಎಟುಕುವಲ್ಲಿ ಇಟ್ಟ ಆಯುಧ ಮತ್ತು ಮಕ್ಕಳ ಕುತೂಹಲ, ಅಷ್ಟೇ. ಏರ್‌ಗನ್ ಆಟಿಕೆಯೆಂಬ ಭ್ರಮೆ ಇನ್ನಾದರೂ ಅಳಿಯಬೇಕು.

ಕೋವಿಯೊಡನೆ ತಲೆತಲಾಂತರದಿಂದ ಬಾಳಿದವರು ಕೊಡಗಿನವರು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಯನ್ನು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಪರವಾನಗಿಗೆ ವಿನಾಯಿತಿ ಇರಬಹುದು, ಎಚ್ಚರಿಕೆಗೆ ಯಾರಿಗೂ ವಿನಾಯಿತಿಯಿಲ್ಲ. ಮಲೆನಾಡಿನಲ್ಲಿ ರಾತ್ರಿಯ ವೇಳೆ ಪೊದೆ ಅಲುಗಿದುದನ್ನು ಹಂದಿಯೆಂದು ಬಗೆದು ಜೊತೆಗಾರನಿಗೇ ಈಡು ಹೊಡೆದ ದುರಂತಗಳು ಅಪರೂಪವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ್ದರೂ ಕತ್ತಲಲ್ಲಿ ಕೋವಿ ಹೆಗಲೇರುವುದು ನಿಂತಿಲ್ಲ.

ಅವಘಡವನ್ನು ತಡೆಯುವ ನಿಯಮಗಳು ನಾಲ್ಕೇ. ಮೊದಲನೆಯದು, ಪ್ರತಿಯೊಂದು ಕೋವಿಯಲ್ಲೂ ಗುಂಡಿದೆಯೆಂದೇ ಭಾವಿಸಬೇಕು. ಎರಡನೆಯದು, ಅದರ ಬಾಯನ್ನು ಯಾವ ಜೀವದ ಕಡೆಗೂ, ತಮಾಷೆಗೂ, ತಿರುಗಿಸಬಾರದು. ಮೂರನೆಯದು, ಹಾರಿಸುವ ಕ್ಷಣದವರೆಗೆ ಬೆರಳು ಕುದುರೆಯ ಹೊರಗೇ ಇರಬೇಕು. ನಾಲ್ಕನೆಯದು, ಗುರಿಯನ್ನೂ ಗುರಿಯ ಹಿಂದೇನಿದೆ ಎಂಬುದನ್ನೂ ಸ್ಪಷ್ಟವಾಗಿ ಕಾಣದೆ ಹಾರಿಸಬಾರದು. ಒಂದು ನಿಯಮ ತಪ್ಪಿದರೂ ಉಳಿದವು ಜೀವ ಕಾಯುತ್ತವೆ. ಎಲ್ಲವೂ ಒಟ್ಟಿಗೆ ತಪ್ಪಿದಾಗಲೇ ಮನೆ ಮಸಣವಾಗುವುದು.

ಮನೆಯಲ್ಲಿ ಇಡುವಾಗ ತೋಟಾಗಳನ್ನು ತೆಗೆದು, ಕೋವಿಗೊಂದು ಬೀಗ, ತೋಟಾಗಳಿಗೆ ಬೇರೆಡೆ ಇನ್ನೊಂದು ಬೀಗ ಹಾಕಬೇಕು. ಕೀಲಿಕೈ ಮಕ್ಕಳಿಗೆ ತಿಳಿಯದಿರಲಿ. ಬೀರುವಿನ ಮೇಲೆ, ಅಟ್ಟದಲ್ಲಿ ಬಚ್ಚಿಡುವುದು ಭದ್ರತೆಯಲ್ಲ. ಮಕ್ಕಳು ಕಾಣದ ಮೂಲೆ ಮನೆಯಲ್ಲಿ ಯಾವುದಿದೆ? ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗಳಂತೂ ತುಂಬಿವೆಯೋ ಖಾಲಿಯೋ ಎಂಬುದು ಹೊರನೋಟಕ್ಕೆ ತಿಳಿಯುವುದೇ ಇಲ್ಲ. ತುಕ್ಕು ಹಿಡಿದ ನಳಿಕೆ ಸಿಡಿದು ಹಾರಿಸಿದವನ ಕೈ ಕಣ್ಣುಗಳನ್ನೇ ಕಳೆಯಬಹುದು. ಅಂಥವನ್ನು ತಾವೇ ಬಿಚ್ಚುವ ಸಾಹಸ ಬೇಡ.

ಕಾನೂನಿನ ಮಾತನ್ನೂ ಅರಿಯೋಣ. 1959ರ ಆಯುಧ ಅಧಿನಿಯಮದಂತೆ ಪರವಾನಗಿಯ ಅವಧಿ ಮುಗಿದರೆ ಅಥವಾ ಇನ್ನಾವುದೇ ಕಾರಣದಿಂದ ಆಯುಧವನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರವಾದರೆ ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಬೇಕು. ತಂದೆಯ ಪರವಾನಗಿ ಮಗನಿಗೆ ತಾನಾಗಿ ಬರುವುದಿಲ್ಲ. ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರು, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಪರವಾನಗಿ ಪ್ರಾಧಿಕಾರಿಗಳು. 2016ರ ನಿಯಮಗಳು ಸುರಕ್ಷಿತ ಬಳಕೆಯ ತರಬೇತಿಗೂ ಅವಕಾಶ ಕಲ್ಪಿಸಿವೆ. 2019ರ ತಿದ್ದುಪಡಿಯ ಪ್ರಕಾರ ಮದುವೆ, ಉತ್ಸವಗಳ ಸಂಭ್ರಮದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರಿಗೆ ಅಪಾಯ ತಂದರೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ವಿಧಿಸಬಹುದು.

ಒಂದುವೇಳೆ ಗುಂಡು ತಗುಲಿಯೇಬಿಟ್ಟರೆ? ಮೊದಲು ಆಯುಧವನ್ನು ಎಲ್ಲರಿಂದ ದೂರ ಮಾಡಿ, ಕೂಡಲೇ 108ಕ್ಕೆ ಕರೆಮಾಡಬೇಕು. ಶುಭ್ರವಾದ ಬಟ್ಟೆಯನ್ನು ಮಡಿಚಿ ರಕ್ತ ಒಸರುವ ಜಾಗವನ್ನು ಬಲವಾಗಿ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ಅದನ್ನು ಕೀಳದೆ ಮೇಲೊಂದು ಬಟ್ಟೆಯಿಟ್ಟು ಒತ್ತಬೇಕು. ಗುಂಡನ್ನಾಗಲಿ ಚರೆಗಳನ್ನಾಗಲಿ ಹೊರತೆಗೆಯಲು ಹೋಗಬಾರದು. ಅರಿಸಿನ, ಕಾಫಿಪುಡಿ ತುಂಬಬಾರದು. ಕುಡಿಯಲು ತಿನ್ನಲು ಏನನ್ನೂ ಕೊಡಬಾರದು. ಹೊರಗಿನ ಗಾಯ ಚಿಕ್ಕದೆಂದು ನೆಮ್ಮದಿಪಡುವುದೂ ಸಲ್ಲದು. ಹೊಟ್ಟೆ, ಎದೆಗಳ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಪೊಲೀಸ್ ಕೇಸಿಗೆ ಹೆದರಿ ಮನೆಯಲ್ಲೇ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಪೊಲೀಸ್ ವಿಧಿವಿಧಾನಗಳಿಗಾಗಿ ಕಾಯದೆ ಮೊದಲು ಪ್ರಾಣ ಉಳಿಸುವುದು ವೈದ್ಯರ ಹೊಣೆಯೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಸಾರಿದೆ.

ಶರಣ ಬಂಧುಗಳೇ, ಹಿರಿಯರ ನೆನಪು ಕಬ್ಬಿಣದ ನಳಿಕೆಯಲ್ಲಿಲ್ಲ, ಅವರ ನಡೆನುಡಿಯಲ್ಲಿದೆ. ನಾವು ಹೇಳಿದ ಆ ಮನೆಯಲ್ಲಿ ಈಗ ಆಯುಧಪೂಜೆಯಂದು ತಾತ ಹೊಲದಲ್ಲಿ ಬಳಸುತ್ತಿದ್ದ ಕುಡುಗೋಲನ್ನು ಮಣೆಯ ಮೇಲಿಡುತ್ತಾರೆ. ಕೋವಿ ಠಾಣೆ ಸೇರಿದೆ. ಅಣ್ಣತಂಗಿ ಇಬ್ಬರೂ ಪಕ್ಕದಲ್ಲಿ ನಿಂತು ಅಜ್ಜಿಯ ಕೈಯಿಂದ ಪ್ರಸಾದ ಪಡೆಯುತ್ತಾರೆ. ನಿಮ್ಮ ಊರಿನ ಮನೆಯ ಅಟ್ಟದಲ್ಲೂ ಅಂಥ ಕೋವಿಯೊಂದಿದ್ದರೆ ಮುಂದಿನ ರಜೆಗೆ ಮಕ್ಕಳು ಅಲ್ಲಿಗೆ ಹೋಗುವ ಮುನ್ನ ಅದರ ವ್ಯವಸ್ಥೆ ಮಾಡಿರೆಂದು ನಾವು ಕೈಮುಗಿದು ಕೋರುತ್ತೇವೆ.