ನಾಲ್ಕೂ ಇಂಜೆಕ್ಟರ್ ಬದಲಿಸೋ ಮೊದಲ ನಾಲ್ಕು ಬಾಟಲಿ ಇಡಿಸ್ರಿ

ಹೋದ ಹಿಂಗಾರಿಯಾಗ, ಕಡ್ಲಿ ಬಿತ್ತೋ ಹೊತ್ತಿಗೇ ರೋಣದ ನಮ್ಮ ಕಾಕಾನ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲ. ಎರಿ ಹೊಲದ ಹಸಿ ಆರಿತಂದ್ರ ಬಿತ್ತನೆ ಹೋದಂಗ. ಗಜೇಂದ್ರಗಡದ ಮೆಕ್ಯಾನಿಕ್ ಒಬ್ಬರು ಬಂದು, "ನಾಲ್ಕೂ ಇಂಜೆಕ್ಟರ್ ಹೊಸಾವು ಹಾಕ್ರಿ" ಅಂದ್ರು. ನಾನು ಬಿ.ಕಾಂ. ಓದಿದವ. ಎಂಜಿನ್ ತಿಳಿಯೋದಿಲ್ಲ, ಬಿಲ್ ತಿಳೀತದ. "ನಾಲ್ಕೂ ಕೆಟ್ಟಾವು ಅಂತ ಹೆಂಗ್ ಗೊತ್ತಾತ್ರಿ?" ಅಂತ ಕೇಳಿದೆ. ಉತ್ತರ ಸಿಗಲಿಲ್ಲ. ನರಗುಂದದ ಡೀಸೆಲ್ ಪಂಪ್ ಮಿಸ್ತ್ರಿಯೊಬ್ಬರು ಅದನ್ನ ಕಣ್ಣಿಗೇ ತೋರಿಸಿದ್ರು.

ಹಳೇ ಟ್ರ್ಯಾಕ್ಟರಿನ ಇಂಜೆಕ್ಟರ್ ಸುಮಾರು 200 ಬಾರ್ ಒತ್ತಡಕ್ಕೆ ತೆರೀತದ. ಬೈಕಿನ ಟೈರಿನಾಗ ಇರೋದು 2 ಬಾರ್ ಆಸುಪಾಸು. ಅದನ್ನ ಕೈಪಂಪಿನ ಟೆಸ್ಟರಿಗೆ ಹಚ್ಚಿ ಮೂರು ಸಂಗತಿ ನೋಡ್ತಾರ: ಎಷ್ಟು ಒತ್ತಡಕ್ಕೆ ತೆರೀತು, ಡೀಸೆಲ್ ಮಂಜಿನಂಗ ಸಿಡೀತೋ ಧಾರೆಯಾಗಿ ಬಿತ್ತೋ, ತೆರೆಯೋ ಮೊದಲೇ ತುದಿ ತೊಟ್ಟಿಕ್ಕಿತೋ.

2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದಮೇಲೆ ಕಾಮನ್ ರೈಲ್ ಎಂಜಿನ್ ಹೆಚ್ಚಾದವು. ಕಾಕಾನದೂ ಅದೇ. ಇದರಾಗ ಒತ್ತಡ 1,000 ಬಾರ್ ದಾಟ್ತದ, ಇಂಜೆಕ್ಟರ್ ತೆರೆಯೋದು ಕಂಪ್ಯೂಟರ್ ಕೊಡೋ ಕರೆಂಟಿನಿಂದ. ಒಂದೇ ಇಂಜೆಕ್ಟರ್ ಒಳಗ ಸವೆದ್ರೂ ಡೀಸೆಲ್ ರಿಟರ್ನ್ ಪೈಪಿಗೆ ಸೋರಿ ಹೋಗ್ತದ. ರೈಲಿನಾಗ ಒತ್ತಡ ಏರೋದಿಲ್ಲ, ಎಂಜಿನ್ ಸ್ಟಾರ್ಟ್ ಆಗೋದಿಲ್ಲ.

ಮಿಸ್ತ್ರಿ ನಾಲ್ಕೂ ರಿಟರ್ನ್ ಪೈಪ್ ಬಿಚ್ಚಿ, ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದ್ರು. ಮೂರು ಬಾಟಲಿಯ ತಳ ಮಾತ್ರ ತೋಯ್ದಿತ್ತು, ಒಂದು ಮಾತ್ರ ಬಿರಬಿರನೆ ತುಂಬ್ತು. ಆ ಒಂದು ಇಂಜೆಕ್ಟರನ್ನ ಟೆಸ್ಟ್ ಬೆಂಚಿನ ಮೇಲೆ ಖಾತ್ರಿ ಮಾಡಿಸಿ ಬದಲಿಸಿದ್ವಿ. ಹೊಸದರ ಮೇಲಿದ್ದ ಕೋಡನ್ನ ಎಂಜಿನ್ ಕಂಪ್ಯೂಟರಿಗೂ ತುಂಬಿದ್ರು. ನಾಲ್ಕರ ಬದಲು ಒಂದರ ರೊಕ್ಕ. ಮೂರನೇ ದಿನ ಬಿತ್ತಿದ್ವಿ, ಹಸಿ ಇನ್ನೂ ಇತ್ತು.

ಒಂದು ಎಚ್ಚರಿಕೆ. ಸೋರಿಕೆ ಹುಡುಕಾಕ ಬೆರಳು ಇಡಬ್ಯಾಡ್ರಿ, ದೂರದಿಂದ ರಟ್ಟು ಹಿಡೀರಿ. ಈ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗ ಹೋಗ್ತದ. ಹೊರಗ ಸೂಜಿ ಚುಚ್ಚಿದಷ್ಟೇ ಕಾಣ್ತದ, ಮೊದಮೊದಲು ನೋವೂ ಕಡಿಮೆ. ತಡಮಾಡಿದ್ರ ಬೆರಳೇ ಹೋಗಬಹುದು. ತಾಗಿದ್ರ ಕೂಡಲೇ ಸರ್ಜನ್ ಇರೋ ದವಾಖಾನಿಗೆ ಹೋಗಿ, "ಡೀಸೆಲ್ ಒಳಗ ಹೋಗೇತಿ" ಅಂತಲೇ ಹೇಳ್ರಿ.

ಉಳಿದದ್ದು ಇಷ್ಟೇ: ಇಂಜೆಕ್ಟರಿನ ರೇಟು ಕೇಳೋ ಮೊದಲ, "ಬಾಟಲಿ ಇಟ್ಟು ತೋರಿಸ್ರಿ" ಅನ್ರಿ.